ಕಲ್ಯಾಣಕ್ಕೆ ಬಂದ ಕಾಶ್ಮೀರದ ಕವಿ ಬಿಲ್ಹಣ

ನಮ್ಮ ಕರಾವಳಿಯವರಿಗೆ ಭಾಷೆಗಳ ಭಯ ಅಷ್ಟಾಗಿ ಇಲ್ಲ. ಮನೆಯಲ್ಲಿ ಕೊಂಕಣಿ, ಮೀನು ಮಾರುಕಟ್ಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನೆರೆಮನೆಯವರ ಜೊತೆ ಬ್ಯಾರಿ ಅಥವಾ ಮಲಯಾಳ, ಹೀಗೆ ಒಂದೇ ದಿನದಲ್ಲಿ ಮೂರು ನಾಲ್ಕು ಭಾಷೆಗಳನ್ನು ಆಡಿ ಮಲಗುವವರು ನಾವು. ಆದರೂ ಮೊದಲ ಬಾರಿಗೆ ದುಬೈಗೋ ಕುವೈತಿಗೋ ಇಸ್ರೇಲಿಗೋ ಹೋಗಿ ಇಳಿದ ದಿನದ ಗಾಬರಿಯನ್ನು ಮರೆತವರು ಯಾರೂ ಇರಲಾರರು. ಗೋಡೆಯ ಮೇಲಿನ ಅಕ್ಷರ ಓದಲಾಗದು, ಎದುರಿನವರು ಕೋಪದಲ್ಲಿದ್ದಾರೋ ನಗುತ್ತಿದ್ದಾರೋ ಎಂದೂ ಗೊತ್ತಾಗದು. ಊರಲ್ಲಿ ನಾಲ್ಕು ಜನರ ಮುಂದೆ ಚೆನ್ನಾಗಿ ಮಾತಾಡುವವರು ಕೂಡ ಅಲ್ಲಿ ಮೂಕರಾಗುತ್ತಾರೆ.

ಅಷ್ಟು ದೂರ ಹೋಗಬೇಕೆಂದೂ ಇಲ್ಲ. ನಮ್ಮದೇ ರಾಜ್ಯದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆಯ ಹುಮನಾಬಾದಿನಲ್ಲಿ ಬಸ್ಸಿನಿಂದ ಇಳಿದರೆ ಸಾಕು. ಒಂದು ಕಡೆ ಮರಾಠಿ, ಇನ್ನೊಂದು ಕಡೆ ದಖನಿ ಉರ್ದು, ಮತ್ತೊಂದು ಕಡೆ ತೆಲುಗು, ಅವುಗಳ ನಡುವೆ ಆ ಕಡೆಯ ಕನ್ನಡ. ನಾವು ಅಲ್ಲಿ ಕೇಳಿದ ಕನ್ನಡದಲ್ಲಿ ಮೊದಲ ದಿನ ಅರ್ಧದಷ್ಟು ಮಾತ್ರ ನಮಗೆ ಅರ್ಥವಾಗಿತ್ತು. ನಮ್ಮ ಪುಸ್ತಕದ ಕನ್ನಡ ಕೇಳಿ ಅವರಿಗೆ ನಗು ಬಂದಿತ್ತು. ಹುಮನಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೆದ್ದಾರಿಯಲ್ಲಿ ಸಾಗಿ ಸ್ವಲ್ಪ ಒಳಗೆ ತಿರುಗಿದರೆ ಬಸವಕಲ್ಯಾಣ. ಸುಮಾರು 950 ವರ್ಷಗಳ ಹಿಂದೆ ಈ ಊರಿಗೆ, ಆಗಿನ ಕಲ್ಯಾಣಕ್ಕೆ, ಕಾಶ್ಮೀರದಿಂದ ಒಬ್ಬ ಕವಿ ಬಂದಿದ್ದ. ಹೆಸರು ಬಿಲ್ಹಣ. ಶಾಲೆಯ ಇತಿಹಾಸ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದು ಹೋಗುವ ಈ ಹೆಸರಿನ ಹಿಂದೆ ದೊಡ್ಡದೊಂದು ಪ್ರವಾಸದ ಕಥೆ ಇದೆ. ಪರಭಾಷೆಯ ನಡುವೆ ಬದುಕಿದವನ ಕಥೆಯೂ ಅದರಲ್ಲಿದೆ. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಬಿಲ್ಹಣ ಹುಟ್ಟಿದ್ದು ಇಂದಿನ ಶ್ರೀನಗರದ ಸಮೀಪದ ಖೋನಮುಖ ಎಂಬ ಹಳ್ಳಿಯಲ್ಲಿ. ಈಗ ಅದನ್ನು ಖುನ್‌ಮೋಹ್ ಎನ್ನುತ್ತಾರೆ. ಕೇಸರಿ ಬೆಳೆಗೆ ಹೆಸರಾದ ಪಾಂಪೋರ್ ಅಲ್ಲಿಗೆ ಹತ್ತಿರ. ತಂದೆ ಜ್ಯೇಷ್ಠಕಲಶ ದೊಡ್ಡ ವ್ಯಾಕರಣ ಪಂಡಿತ. ಪತಂಜಲಿಯ ಮಹಾಭಾಷ್ಯಕ್ಕೆ ವ್ಯಾಖ್ಯಾನ ಬರೆದವನು. ತಾಯಿ ನಾಗಾದೇವಿ. ಅಣ್ಣ ಇಷ್ಟರಾಮ, ತಮ್ಮ ಆನಂದ, ಇಬ್ಬರೂ ಕವಿಗಳು. ಅಜ್ಜ ರಾಜಕಲಶ, ಮುತ್ತಜ್ಜ ಮುಕ್ತಿಕಲಶ, ಅವರೂ ಕಲಿತವರೇ. ಇಷ್ಟೆಲ್ಲ ವಿವರ ನಮಗೆ ಸಿಕ್ಕಿರುವುದು ಬಿಲ್ಹಣನೇ ಬರೆದಿಟ್ಟದ್ದರಿಂದ. ನಮ್ಮ ಪ್ರಾಚೀನ ಕವಿಗಳಲ್ಲಿ ತಮ್ಮ ವಿಷಯ ಹೇಳಿಕೊಂಡವರು ಕಡಿಮೆ. ಈತನಾದರೋ ತನ್ನ ದೊಡ್ಡ ಕಾವ್ಯದ ಕೊನೆಯ ಅಧ್ಯಾಯವನ್ನು ಇಡಿಯಾಗಿ ತನ್ನ ಊರು, ತನ್ನ ಮನೆತನ, ತನ್ನ ತಿರುಗಾಟಕ್ಕೆ ಮೀಸಲಿಟ್ಟ. ಸಂಕೋಚದ ಮನುಷ್ಯನಲ್ಲ ಎಂದು ಅದನ್ನು ಓದಿದವರಿಗೆ ತಿಳಿಯುತ್ತದೆ.

ಆ ಅಧ್ಯಾಯದಲ್ಲಿ ಊರಿನ ಬಗ್ಗೆ ಅವನು ಹೇಳುವ ಒಂದು ಮಾತು ನಮ್ಮ ವಿಷಯಕ್ಕೆ ಬಹಳ ಮುಖ್ಯ. ತನ್ನ ಊರಿನಲ್ಲಿ ಮನೆ ಮನೆಯ ಹೆಂಗಸರು ಸಹ ಸಂಸ್ಕೃತವನ್ನೂ ಪ್ರಾಕೃತವನ್ನೂ ಹುಟ್ಟು ಭಾಷೆಯಂತೆ ಆಡುತ್ತಾರೆ ಎಂದು ಅವನು ಹೆಮ್ಮೆಪಡುತ್ತಾನೆ. ಕೇಸರಿಯೂ ಕವಿತೆಯೂ ಒಡಹುಟ್ಟಿದವು, ಎರಡೂ ಕಾಶ್ಮೀರ ಬಿಟ್ಟು ಬೇರೆಲ್ಲೂ ಮೊಳೆಯುವುದಿಲ್ಲ ಎಂಬುದು ಕಾವ್ಯದ ಆರಂಭದಲ್ಲಿ ಅವನು ಆಡುವ ಇನ್ನೊಂದು ಮಾತು. ಹೆಮ್ಮೆಯಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆದರೆ ಮಾತು ಎಂದರೆ ಸಂಸ್ಕೃತ ಎಂಬ ನಂಬಿಕೆಯಲ್ಲಿ ಬೆಳೆದವನು ಅವನು ಎಂಬುದರಲ್ಲಿ ಸಂದೇಹವಿಲ್ಲ.

ವಿದ್ಯಾಭ್ಯಾಸ ಮುಗಿಸಿದ ಬಿಲ್ಹಣ ಸುಮಾರು 1062ರಿಂದ 1065ರ ನಡುವೆ, ಅರಸ ಕಲಶನ ಕಾಲದಲ್ಲಿ, ಊರು ಬಿಟ್ಟ. ಆಗಿನ ಪಂಡಿತರು ದೇಶ ಸುತ್ತಿ, ಆಸ್ಥಾನಗಳಲ್ಲಿ ವಾದ ಮಾಡಿ, ಗೆದ್ದು, ಆಶ್ರಯ ಸಂಪಾದಿಸುವುದು ವಾಡಿಕೆಯಾಗಿತ್ತು. ಇಂದು ನಮ್ಮ ಯುವಕರು ಸರ್ಟಿಫಿಕೇಟು ಹಿಡಿದು ಊರೂರು ಸುತ್ತಿ ಕೆಲಸ ಹುಡುಕುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿಲ್ಲ. ಮೊದಲು ಮಥುರಾ, ವೃಂದಾವನ. ಅಲ್ಲಿಯ ಪಂಡಿತರನ್ನು ವಾದದಲ್ಲಿ ಸೋಲಿಸಿದ. ಬಳಿಕ ಕನೌಜ್, ಪ್ರಯಾಗ, ಕಾಶಿ. ಅಲ್ಲಿಂದ ಡಾಹಲ ದೇಶದ, ಅಂದರೆ ಈಗಿನ ಜಬಲ್ಪುರದ ಆಸುಪಾಸಿನ, ಕಲಚುರಿ ಅರಸ ಕರ್ಣನ ಆಸ್ಥಾನ. ಅಲ್ಲಿ ಗಂಗಾಧರನೆಂಬ ಕವಿಯನ್ನು ಗೆದ್ದದ್ದನ್ನು ಹೆಸರು ಹಿಡಿದು ಬರೆದಿದ್ದಾನೆ.

ಮಾಳವದ ಧಾರಾನಗರದ ವಿಷಯ ಬಂದಾಗ ಮಾತ್ರ ಅವನ ಧ್ವನಿ ಮೆತ್ತಗಾಗುತ್ತದೆ. ಕವಿಗಳ ಪಾಲಿನ ಕಲ್ಪವೃಕ್ಷವೆಂದು ಹೆಸರಾದ ಭೋಜರಾಜ ಅಷ್ಟರಲ್ಲಿ ತೀರಿಕೊಂಡಿದ್ದ. ಭೋಜನಿದ್ದಾಗ ಯಾಕೆ ಬರಲಿಲ್ಲವೆಂದು ಧಾರಾನಗರವೇ ತನ್ನ ಹೆಬ್ಬಾಗಿಲ ಗೋಪುರದ ಪಾರಿವಾಳಗಳ ದನಿಯಲ್ಲಿ ತನ್ನನ್ನು ಕೇಳಿ ಅತ್ತಿತು ಎಂಬ ಅರ್ಥದಲ್ಲಿ ಅವನು ಬರೆಯುತ್ತಾನೆ. ತಡವಾಗಿ ತಲುಪಿದವನ ನೋವು ಅದು. ಪಾರಿವಾಳದ ಭಾಷೆ ಸಹ ಅವನಿಗೆ ತಿಳಿಯಿತು ನೋಡಿ! ಆದರೆ ಮುಂದೆ ಹೋದ ನಾಡಿನಲ್ಲಿ ಮನುಷ್ಯರ ಭಾಷೆ ತಿಳಿಯಲಿಲ್ಲ.

ಆ ನಾಡು ಗುಜರಾತ್. ರಾಜಧಾನಿ ಅಣಹಿಲವಾಡ, ಇಂದಿನ ಪಾಟಣ. ಅಲ್ಲಿಯ ಚಾಲುಕ್ಯ ಅರಸ ಕರ್ಣ 1064ರ ಸುಮಾರಿಗೆ ಪಟ್ಟಕ್ಕೆ ಬಂದವನು. (ಡಾಹಲದ ಕರ್ಣ ಬೇರೆ, ಈ ಕರ್ಣ ಬೇರೆ, ಹಾಗೆಯೇ ಗುಜರಾತಿನ ಈ ಚಾಲುಕ್ಯರು ಬೇರೆ, ನಮ್ಮ ಕಲ್ಯಾಣದ ಚಾಲುಕ್ಯರು ಬೇರೆ.) ಬಿಲ್ಹಣ ಅವನಿಗಾಗಿ ಕರ್ಣಸುಂದರಿ ಎಂಬ ನಾಟಕ ಬರೆದ. ಅದು ಜೈನ ಉತ್ಸವವೊಂದರಲ್ಲಿ ಆಡಲೆಂದು ಬರೆದ ನಾಟಕ. ಅರಮನೆಯಲ್ಲಿ ಗೌರವ ಸಿಕ್ಕಿರಬೇಕು. ಆದರೆ ಅರಮನೆಯ ಹೊರಗಿನ ಗುಜರಾತಿನ ಜನರ ಬಗ್ಗೆ ಅವನು ಬರೆದದ್ದು ಮಾತ್ರ ಕಟುವಾದದ್ದು. ಅವರು ಸರಿಯಾಗಿ ಕಚ್ಚೆ ಕಟ್ಟುವುದಿಲ್ಲ, ಶುಚಿಯಾಗಿರುವುದಿಲ್ಲ, ಏನೇನೋ ಮಾತಾಡುತ್ತಾರೆ, ಕೇಳಿದರೆ ಅಸಹ್ಯವಾಗುತ್ತದೆ, ದಾರಿಯುದ್ದಕ್ಕೂ ಅವರ ಒಡನಾಟದಿಂದಾದ ಸಂಕಟ ಸೋಮನಾಥನ ದರ್ಶನವಾದ ಮೇಲೆಯೇ ಸ್ವಲ್ಪ ತಗ್ಗಿತು, ಇದು ಅವನ ದೂರಿನ ಸಾರಾಂಶ.

ಈ ದೂರನ್ನು ಹಲವರು ಕವಿಯ ಅಹಂಕಾರವೆಂದು ನಗುತ್ತಾ ಬಿಟ್ಟು ಬಿಡುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಅವನು ಗುಜರಾತಿನ ಜನ ಇಂಥದ್ದನ್ನು ಹೇಳಿದರು ಎಂದು ಬರೆಯಲಿಲ್ಲ, ಏನೋ ಒಂದನ್ನು ಹೇಳಿದರು ಎಂದು ಬರೆದ. ಆ ಏನೋ ಎಂಬಲ್ಲಿ ಇಡೀ ವಿಷಯ ಇದೆ. ಕಿವಿಗೆ ಬಿದ್ದ ಮಾತು ತಿಳಿಯದಿದ್ದಾಗ ತಪ್ಪು ಮಾತಿನದು ಎನಿಸುತ್ತದೆ, ಕಿವಿಯದು ಎನಿಸುವುದಿಲ್ಲ. ಪ್ರಾಕೃತವು ಆಡುನುಡಿಯಾಗಿ ಬದಲಾಗುತ್ತಾ ಹಳೆಯ ಗುಜರಾತಿಯ ಕಡೆಗೆ ಸಾಗುತ್ತಿದ್ದ ಕಾಲ ಅದು. ವ್ಯಾಕರಣ ಪಂಡಿತನ ಮಗನಿಗೆ ಅದು ಮುರಿದ ಸಂಸ್ಕೃತದಂತೆ ಕೇಳಿಸಿರಬೇಕು. ಸಂಸ್ಕೃತ ಬಲ್ಲವರು ಪ್ರತಿಯೊಂದು ಪಟ್ಟಣದಲ್ಲಿ ಒಂದಿಷ್ಟು ಮಂದಿ ಸಿಗುತ್ತಿದ್ದರು. ಆದರೆ ದಾರಿಯಲ್ಲಿ ನೀರು ಕೇಳಲು, ಛತ್ರದ ಬಾಗಿಲು ತಟ್ಟಲು, ಗಾಡಿಯವನೊಡನೆ ಬಾಡಿಗೆ ಮಾತಾಡಲು ಪಂಡಿತರು ಸಿಗುವುದಿಲ್ಲ. ಇಂದು ಇಂಗ್ಲಿಷ್ ಒಂದಿದ್ದರೆ ಲೋಕವೆಲ್ಲ ಸುತ್ತಬಹುದು ಎಂದು ಮಕ್ಕಳಿಗೆ ಹೇಳುತ್ತೇವಲ್ಲ, ಇಟಲಿಯ ಹಳ್ಳಿಯಲ್ಲೋ ಸೌದಿಯ ಲೇಬರ್ ಕ್ಯಾಂಪಿನಲ್ಲೋ ಇದ್ದು ಬಂದವರನ್ನು ಕೇಳಿದರೆ ಬೇರೆ ಕಥೆ ಹೇಳುತ್ತಾರೆ.

ಇಲ್ಲಿ ಕರಾವಳಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ನೆನಪಿಸುವುದು ಸೂಕ್ತ. ಗುಜರಾತಿನ ಇದೇ ಕರ್ಣನನ್ನು ಮದುವೆಯಾದವಳು ಮಯಣಲ್ಲದೇವಿ. ಆಕೆ ಗೋವೆಯ ಕದಂಬರ ಅರಸ ಜಯಕೇಶಿಯ ಮಗಳು. ಆಕೆಯ ತವರಿನ ಚಂದ್ರಪುರವೆಂದರೆ ಇಂದಿನ ಚಾಂದೋರ್. ಮುಂದೆ ಗುಜರಾತಿನ ಪ್ರಖ್ಯಾತ ದೊರೆಯಾದ ಸಿದ್ಧರಾಜ ಜಯಸಿಂಹ ಆಕೆಯ ಮಗ. ಬಿಲ್ಹಣನ ನಾಟಕದ ಕಥೆ ಈ ಮದುವೆಯನ್ನೇ ಸೂಚಿಸುತ್ತದೆ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಅವಳೂ ಪರಭಾಷೆಯ ನಾಡಿಗೆ ಹೋದವಳೇ, ಆದರೆ ಅವಳು ಅಲ್ಲೇ ಉಳಿದಳು, ಮಗನನ್ನು ಆ ನಾಡಿನ ದೊರೆಯಾಗಿ ಬೆಳೆಸಿದಳು. ಕಚ್ಚೆಯ ಬಗ್ಗೆ ಅವಳೇನೆಂದಳೋ ಯಾರೂ ಬರೆದಿಡಲಿಲ್ಲ! ಕೊಂಕಣದ ಜಯಕೇಶಿಗೂ ಕಲ್ಯಾಣದ ಚಾಲುಕ್ಯರಿಗೂ ಸ್ನೇಹವಿತ್ತು. ಬಿಲ್ಹಣನಿಗೆ ದಕ್ಷಿಣದ ದಾರಿ ತೋರಿದ್ದು ಈ ಸಂಬಂಧವೇ ಇರಬಹುದು ಎಂಬುದು ನಮ್ಮ ಊಹೆ. ಸೋಮನಾಥದಿಂದ ಅವನು ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಇಳಿದು ಬಂದನೆಂದು ಅವನ ಶ್ಲೋಕಗಳಿಂದ ಅರ್ಥ ಮಾಡಿಕೊಂಡವರೂ ಇದ್ದಾರೆ. ದಕ್ಷಿಣದಲ್ಲಿ ರಾಮಸೇತುವಿನವರೆಗೂ ಹೋಗಿ ಬಂದದ್ದಾಗಿ ಅವನೇ ಹೇಳಿದ್ದಾನೆ.

ಕೊನೆಗೆ ಕಲ್ಯಾಣ. ಊರು ಬಿಟ್ಟ ಬಳಿಕ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಿ, ಹಲವು ವರ್ಷ ಕಳೆದು, ಅವನು ಇಲ್ಲಿ ಕಾಲಿಟ್ಟ.

ಆಗಿನ ಕಲ್ಯಾಣ ಇಂದಿನ ಬಸವಕಲ್ಯಾಣದಂತಹ ತಾಲೂಕು ಪಟ್ಟಣವಲ್ಲ. ಒಂದನೆಯ ಸೋಮೇಶ್ವರನು ಮಳಖೇಡದಿಂದ ರಾಜಧಾನಿಯನ್ನು ಇಲ್ಲಿಗೆ ತಂದು ಊರನ್ನು ಬೆಳೆಸಿದ್ದ. ವಾಸಿಯಾಗದ ಜ್ವರಕ್ಕೆ ತುತ್ತಾದ ಅವನು 1068ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಯ ಮಗ ಎರಡನೆಯ ಸೋಮೇಶ್ವರ ಪಟ್ಟಕ್ಕೆ ಬಂದ. ತಮ್ಮ ವಿಕ್ರಮಾದಿತ್ಯ 1076ರಲ್ಲಿ ಅವನನ್ನು ಕೆಳಗಿಳಿಸಿ ತಾನೇ ದೊರೆಯಾದ, ತನ್ನ ಹೆಸರಿನಲ್ಲಿ ಹೊಸ ಶಕೆಯನ್ನೇ ಆರಂಭಿಸಿದ, ಮುಂದೆ 50 ವರ್ಷ, 1126ರವರೆಗೆ, ಆಳಿದ. ಆರನೆಯ ವಿಕ್ರಮಾದಿತ್ಯನೆಂದು ನಾವು ಓದಿರುವುದು ಇವನನ್ನೇ. ಇವನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಬರೆದ ಮಿತಾಕ್ಷರವೆಂಬ ಗ್ರಂಥವು ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ 20ನೆಯ ಶತಮಾನದವರೆಗೂ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾಗಿತ್ತು. ಅಂಥ ವಿದ್ವಾಂಸರ ಊರು ಅದು.

ಇಂಥ ಊರಿನಲ್ಲಿ ಬಿಲ್ಹಣನಿಗೆ ಬೇಡಿದ್ದೆಲ್ಲ ಸಿಕ್ಕಿತು. ವಿಕ್ರಮಾದಿತ್ಯ ಅವನಿಗೆ ವಿದ್ಯಾಪತಿ ಎಂಬ ಪದವಿ ಕೊಟ್ಟ, ನೀಲಿ ಛತ್ರ ಕೊಟ್ಟ, ಆನೆ ಕೊಟ್ಟ. ಕಾಶ್ಮೀರದ ಇತಿಹಾಸಕಾರ ಕಲ್ಹಣ 1150ರ ಸುಮಾರಿಗೆ ಮುಗಿಸಿದ ರಾಜತರಂಗಿಣಿಯಲ್ಲಿ, ಕರ್ಣಾಟದ ಸೇನೆಯಲ್ಲಿ ಆನೆಗಳ ಸಾಲಿನ ನಡುವೆ ಅರಸನ ಮುಂದೆಯೇ ಬಿಲ್ಹಣನ ಛತ್ರ ಎತ್ತರದಲ್ಲಿ ಕಾಣುತ್ತಿತ್ತು ಎಂದು ಬರೆದಿದ್ದಾನೆ. ಅಂದರೆ ಹಳ್ಳಿಯ ಹುಡುಗ ಪರದೇಶದಲ್ಲಿ ಗೆದ್ದ ಸುದ್ದಿ ಊರಿಗೆ ಮುಟ್ಟಿತ್ತು, 60, 70 ವರ್ಷಗಳ ನಂತರವೂ ಜನ ನೆನಪಿಟ್ಟಿದ್ದರು.

ಆದರೆ ಸುತ್ತಲಿನ ಮಾತು? ಕಲ್ಯಾಣದ ಬೀದಿಯ ಭಾಷೆ ಕನ್ನಡ. ವಿಕ್ರಮಾದಿತ್ಯನ ಕಾಲದ ನೂರಾರು ಶಾಸನಗಳಲ್ಲಿ ಬಹುಪಾಲು ಕನ್ನಡದವು. ಅವನ ಸಹೋದರ ಕೀರ್ತಿವರ್ಮ ಗೋವೈದ್ಯವೆಂಬ ದನಗಳ ವೈದ್ಯದ ಪುಸ್ತಕವನ್ನು ಕನ್ನಡದಲ್ಲಿ ಬರೆದ. ಇದೇ ಅರಸನ ಆಳ್ವಿಕೆಯಲ್ಲಿ, 1112ರಲ್ಲಿ, ಮುಳಗುಂದದ ನಯಸೇನನು ಧರ್ಮಾಮೃತ ಬರೆಯುವಾಗ ಕನ್ನಡದಲ್ಲಿ ವೃಥಾ ಸಂಸ್ಕೃತ ಬೆರೆಸುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಕವಿಗಳನ್ನು ಗದರಿದ. ಬಿಲ್ಹಣನು ಕನ್ನಡದಲ್ಲಿ ಕಾವ್ಯ ಬರೆಯಲಿಲ್ಲ. ಅವನ ಹೆಸರಿನಲ್ಲಿ ಉಳಿದಿರುವುದೆಲ್ಲ ಸಂಸ್ಕೃತ, ಮತ್ತು ನಾಟಕದ ಹೆಂಗಸರ ಬಾಯಿಗೆ ಸಂಪ್ರದಾಯದಂತೆ ಇಟ್ಟ ಪ್ರಾಕೃತ. ಅರಸನ ಪ್ರೀತಿಯ ರಾಣಿ, ಕರಹಾಟದ ಶಿಲಾಹಾರರ ಮಗಳು ಚಂದಲದೇವಿ. ಅವಳನ್ನು ಬಿಲ್ಹಣ ಸಂಸ್ಕೃತಕ್ಕೆ ಒಗ್ಗುವಂತೆ ಚಂದ್ರಲೇಖೆ ಎಂದ. ವಿಕ್ರಮಾದಿತ್ಯನಿಗೆ ಕನ್ನಡದ ಪೆರ್ಮಾಡಿ ಎಂಬ ಹೆಸರೂ ಇತ್ತು. ಕಾಶ್ಮೀರದಲ್ಲಿ ಅದು ಪರ್ಮಾಡಿ ಎಂದಾಯಿತು. ನಮ್ಮ ಊರಿನ ಡಿಸೋಜರೂ ಪೂಜಾರಿಗಳೂ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಏನೇನಾಗಿ ಬಿಡುತ್ತಾರೆ ಎಂದು ನೋಡಿದವರಿಗೆ ಇದೇನೂ ಹೊಸದಲ್ಲ.

ಬಿಲ್ಹಣನ ದೊಡ್ಡ ಕೃತಿ ವಿಕ್ರಮಾಂಕದೇವಚರಿತ. 18 ಸರ್ಗಗಳ ಕಾವ್ಯ. ಚಾಲುಕ್ಯರ ಹುಟ್ಟು, ಸೋಮೇಶ್ವರನ ಸಾವು, ವಿಕ್ರಮಾದಿತ್ಯನ ಚೋಳ ಯುದ್ಧಗಳು, ಅಣ್ಣತಮ್ಮಂದಿರ ಜಗಳ, ಚಂದ್ರಲೇಖೆಯ ಸ್ವಯಂವರ, ಋತುಗಳು, ಬೇಟೆ, ಇವೆಲ್ಲ ಅದರಲ್ಲಿವೆ. 1088ರ ಬಳಿಕ ನಡೆದ ದಂಡಯಾತ್ರೆಗಳು ಅದರಲ್ಲಿ ಇಲ್ಲವಾದ್ದರಿಂದ ಅದಕ್ಕಿಂತ ಮೊದಲೇ ಬರೆದದ್ದೆಂದು ಪಂಡಿತರು ಲೆಕ್ಕ ಹಾಕುತ್ತಾರೆ. ಇತಿಹಾಸವಾಗಿ ಅದನ್ನು ಪೂರ್ತಿ ನಂಬುವಂತಿಲ್ಲ. ಅಣ್ಣನ ಸಿಂಹಾಸನ ಕಿತ್ತುಕೊಂಡ ಅರಸನ ಉಪ್ಪು ತಿಂದು ಬರೆದದ್ದು ಅದು. ಅಣ್ಣ ದುಷ್ಟ, ತಮ್ಮ ಅನಿವಾರ್ಯವಾಗಿ ಕತ್ತಿ ಹಿಡಿದ, ಶಿವನೇ ಅಪ್ಪಣೆ ಮಾಡಿದ ಎಂದೇ ಹೇಳುತ್ತದೆ. ಆದರೂ ಅಂದಿನ ಕಲ್ಯಾಣವನ್ನು ಕಣ್ಣಾರೆ ಕಂಡವನು ಬರೆದದ್ದೆಂಬ ಬೆಲೆ ಅದಕ್ಕಿದೆ.

ಕೊನೆಯ ಸರ್ಗದಲ್ಲಿ ಬಿಲ್ಹಣ ಎರಡು ಮಾತು ಹೇಳುತ್ತಾನೆ. ತನ್ನ ಕವಿತೆಯನ್ನು ಹಾಡದ ಹಳ್ಳಿಯಿಲ್ಲ, ಪಟ್ಟಣವಿಲ್ಲ, ತೋಟವಿಲ್ಲ. ಕಲಿತವರು, ಕಲಿಯದವರು, ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎಲ್ಲರೂ ಅದನ್ನು ಓದಿ ಪುಳಕಗೊಳ್ಳುತ್ತಾರೆ ಎಂಬುದು ಒಂದು. ಕವಿಗಳಿಂದಲೇ ಅರಸರ ಹೆಸರು ಉಳಿಯುವುದು, ಆದ್ದರಿಂದ ಕವಿಗಳನ್ನು ಕೋಪಗೊಳಿಸಬೇಡಿರಿ ಎಂದು ಅರಸರಿಗೆ ಎಚ್ಚರಿಕೆ ಇನ್ನೊಂದು. ಎರಡನೆಯದು ಸ್ವಲ್ಪ ಮಟ್ಟಿಗೆ ನಿಜವಾಯಿತು. ಮೊದಲನೆಯದು ಅವನು ಬಯಸಿದ್ದು, ನಡೆದದ್ದಲ್ಲ ಎಂದೇ ನಮಗೆ ಕಾಣುತ್ತದೆ. ಕಲ್ಯಾಣದ ಹೊಲದಲ್ಲಿ ಜೋಳದ ತೆನೆ ಕೊಯ್ಯುವ ಹೆಂಗಸು ತನ್ನದೇ ದೊರೆಯ ಕಥೆಯಾದ ಈ ಕಾವ್ಯವನ್ನು ಕೇಳಿದರೂ ಒಂದು ಪದವೂ ಅವಳಿಗೆ ತಿಳಿಯುವಂತಿರಲಿಲ್ಲ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ತಂದೆಯ ಬಗ್ಗೆ ವಿಕ್ರಮಾಂಕಾಭ್ಯುದಯವೆಂಬ ಇನ್ನೊಂದು ಗ್ರಂಥ ಬರೆದ, ಅದೂ ಸಂಸ್ಕೃತದಲ್ಲೇ.

ಆಮೇಲೆ ಕಲ್ಯಾಣ ಕೈ ಬದಲಾಯಿತು. ಕಲಚುರಿ ಬಿಜ್ಜಳ ಬಂದ, ಬಸವಣ್ಣನವರ ಕಾಲದ ಕ್ರಾಂತಿ ನಡೆಯಿತು, ಊರು ಚದುರಿತು. ಬಿಲ್ಹಣನ ಕಾವ್ಯ ಅದು ಹುಟ್ಟಿದ ನಾಡಿನಲ್ಲಿ ಮರೆತೇ ಹೋಯಿತು.

ಅದು ಮತ್ತೆ ಸಿಕ್ಕಿದ್ದು ರಾಜಸ್ಥಾನದ ಮರಳುಗಾಡಿನ ಜೈಸಲ್ಮೇರಿನಲ್ಲಿ. 1874ರಲ್ಲಿ ಅಲ್ಲಿಯ ಜೈನ ಗ್ರಂಥ ಭಂಡಾರವನ್ನು ಶೋಧಿಸುತ್ತಿದ್ದ ಜರ್ಮನ್ ವಿದ್ವಾಂಸ ಗಿಯೋರ್ಗ್ ಬ್ಯೂಲರ್ ಅವರ ಕೈಗೆ ತಾಳೆಗರಿಯ ಒಂದು ಕಟ್ಟು ಬಂತು. ಬ್ಯೂಲರ್ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಜೊತೆಯಲ್ಲಿ ಇನ್ನೊಬ್ಬ ಜರ್ಮನ್ ಯುವಕ ಹರ್ಮನ್ ಯಾಕೋಬಿ ಇದ್ದರು. ಗ್ರಂಥವನ್ನು ಹೊರಗೆ ಕೊಂಡೊಯ್ಯುವಂತಿರಲಿಲ್ಲ. ಇಬ್ಬರೂ ಕುಳಿತು ಕೆಲವೇ ದಿನಗಳಲ್ಲಿ ಇಡೀ ಕಾವ್ಯವನ್ನು ಕೈಬರಹದಲ್ಲಿ ನಕಲು ಮಾಡಿಕೊಂಡರು. 1875ರಲ್ಲಿ ಮುಂಬಯಿ ಸಂಸ್ಕೃತ ಮಾಲೆಯಲ್ಲಿ ಅದು ಅಚ್ಚಾಯಿತು. ಕನ್ನಡ ನಾಡಿನ ಅತಿ ದೊಡ್ಡ ಅರಸರಲ್ಲಿ ಒಬ್ಬನ ಚರಿತ್ರೆಯನ್ನು ಕಾಶ್ಮೀರದವನು ಬರೆದ, ಜೈನ ಭಂಡಾರದವರು ರಾಜಸ್ಥಾನದಲ್ಲಿ ಕಾಪಾಡಿದರು, ಜರ್ಮನಿಯವರು ಹುಡುಕಿ ತೆಗೆದರು. ಇಲ್ಲಿ ಸಂಸ್ಕೃತಕ್ಕೂ ಅದರ ಶ್ರೇಯಸ್ಸು ಸಲ್ಲಬೇಕು. ಬೀದಿಯಲ್ಲಿ ತಿಳಿಯದ ಆ ಭಾಷೆಯೇ ಎಂಟು ನೂರು ವರ್ಷ ದಾಟಿ, ಕಲ್ಯಾಣವನ್ನೇ ಕಾಣದವರ ನಡುವೆ ಕಾವ್ಯವನ್ನು ಉಳಿಸಿತು. ಕನ್ನಡದಲ್ಲಿ ಬರೆದಿದ್ದರೆ ಜೈಸಲ್ಮೇರಿನಲ್ಲಿ ಅದನ್ನು ಓದುವವರಿರುತ್ತಿರಲಿಲ್ಲ.

ಬಿಲ್ಹಣನ ಹೆಸರಿಗೆ ಅಂಟಿಕೊಂಡ ಇನ್ನೊಂದು ಕೃತಿ ಚೌರಪಂಚಾಶಿಕಾ, ಐವತ್ತು ಪ್ರೇಮ ಪದ್ಯಗಳು. ರಾಜಕುಮಾರಿಗೆ ಪಾಠ ಹೇಳಲು ಹೋದ ಕವಿ ಅವಳನ್ನೇ ಪ್ರೀತಿಸಿದ, ಮರಣದಂಡನೆಯ ಮೆಟ್ಟಿಲು ಹತ್ತುತ್ತಾ ಈ ಪದ್ಯ ಹೇಳಿದ, ಅರಸನ ಮನ ಕರಗಿತು ಎಂಬ ದಂತಕಥೆ ಜನಪ್ರಿಯ. ಅವನ ಸ್ವಂತ ಚರಿತ್ರೆಯಲ್ಲಿ ಇಂಥ ಘಟನೆಯ ಸುಳಿವಿಲ್ಲ. 16ನೆಯ ಶತಮಾನದಲ್ಲಿ ಈ ಪದ್ಯಗಳಿಗೆ ಬರೆದ ವರ್ಣಚಿತ್ರಗಳು ಎಷ್ಟು ಪ್ರಸಿದ್ಧವಾದುವೆಂದರೆ ಒಂದು ಚಿತ್ರಶೈಲಿಗೇ ಆ ಹೆಸರು ಬಂತು. ಆ ಚಿತ್ರಗಳು ಈಗ ಇರುವುದು ಅಹಮದಾಬಾದಿನಲ್ಲಿ. ಗುಜರಾತಿನವರು ಕವಿಯ ದೂರನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ ಎನ್ನಬಹುದು.

ಛತ್ರ, ಆನೆ, ಪದವಿ ಎಲ್ಲ ಸಿಕ್ಕ ಮೇಲೂ ಬಿಲ್ಹಣನ ಮನಸ್ಸು ಕಲ್ಯಾಣದಲ್ಲಿ ನಿಲ್ಲಲಿಲ್ಲ. ಸುತ್ತಾಟ ಸಾಕಾಯಿತು, ಇನ್ನು ಗಂಗೆಯ ದಡ ಸೇರಬೇಕು ಎಂಬ ಹಂಬಲ ಕೊನೆಯ ಸರ್ಗದಲ್ಲಿದೆ. ಅದೇ ಸರ್ಗದಲ್ಲಿ ಖೋನಮುಖದ ದ್ರಾಕ್ಷಿ, ಕೇಸರಿ, ವಿತಸ್ತಾ ನದಿ ಎಲ್ಲವೂ ಬರುತ್ತವೆ. ಅಷ್ಟರಲ್ಲಿ ಊರಿನಿಂದ ಸುದ್ದಿ ಬಂತು. ಕಲಶನ ಮಗ ಹರ್ಷ ಕವಿಗಳನ್ನು ಅಪಾರವಾಗಿ ಪ್ರೀತಿಸುವ ಅರಸನೆಂದು ಹೆಸರಾಗಿದ್ದ. ಹರ್ಷನು ಆಳಿದ್ದು 1089ರಿಂದ 1101ರವರೆಗೆ. ಅವನು ಎಲ್ಲ ದೇಶಗಳ ಭಾಷೆ ಬಲ್ಲವನು, ಎಲ್ಲ ಭಾಷೆಗಳಲ್ಲಿ ಕವಿತೆ ಕಟ್ಟುವವನು ಎಂದು ಕಲ್ಹಣ ಹೇಳುತ್ತಾನೆ. ಹರ್ಷನ ಔದಾರ್ಯ ಕೇಳಿದಾಗ ಬಿಲ್ಹಣನಿಗೆ ತನ್ನ ಕರ್ಣಾಟದ ವೈಭವವೂ ಮೋಸವೆನಿಸಿತು ಎಂದೂ ಅವನೇ ಬರೆಯುತ್ತಾನೆ. ಗಲ್ಫಿನಲ್ಲಿ ಮೂವತ್ತು ವರ್ಷ ದುಡಿದು, ಊರಿನಲ್ಲೇ ಇದ್ದ ತಮ್ಮ ಚೆನ್ನಾಗಿ ಬೆಳೆದದ್ದನ್ನು ಫೋನಿನಲ್ಲಿ ಕೇಳಿದ ಅಣ್ಣಂದಿರಿಗೆ ಈ ಭಾವನೆಯನ್ನು ವಿವರಿಸಬೇಕಾಗಿಲ್ಲ.

ತಮಾಷೆ ಏನೆಂದರೆ, ಬಿಲ್ಹಣ ಊರಿಗಾಗಿ ಹಂಬಲಿಸುತ್ತಿದ್ದ ಕಾಲಕ್ಕೇ ಆ ಊರು ಕರ್ಣಾಟದ ಕಡೆ ನೋಡುತ್ತಿತ್ತು. ಹರ್ಷನಿಗೆ ದಕ್ಷಿಣದ ಉಡುಗೆ ತೊಡುಗೆ ಬಹಳ ಇಷ್ಟ. ಕರ್ಣಾಟದ ಮಾದರಿಯಲ್ಲಿ ಅವನು ನಾಣ್ಯ ಹಾಕಿಸಿದ; ಆನೆಯ ಚಿತ್ರವಿರುವ ಅವನ ಚಿನ್ನದ ನಾಣ್ಯಗಳು ದೊರೆತಿವೆ. ಚಂದಲದೇವಿಯ ಚಿತ್ರ ನೋಡಿ ಮರುಳಾಗಿ ಕರ್ಣಾಟದ ಮೇಲೆ ದಂಡೆತ್ತಿ ಹೋಗುವ ಮಾತನ್ನೂ ಆಡಿದನಂತೆ. ಕಾಶ್ಮೀರಿಗರು ನಮ್ಮ ಉಡುಪು, ನಮ್ಮ ಆನೆಯ ಮುದ್ರೆ ತೆಗೆದುಕೊಂಡರು. ನಮ್ಮ ಭಾಷೆಯನ್ನು ತೆಗೆದುಕೊಳ್ಳಲು ಮಾತ್ರ ಇನ್ನಷ್ಟು ಕಾಲ ಬೇಕಾಯಿತು.

ಆ ಕೆಲಸ ಮಾಡಿದವನು, ಶರಣರ ಪರಂಪರೆ ಹೇಳುವ ಪ್ರಕಾರ, ಬಿಲ್ಹಣನ ನಂತರ ಅದೇ ಕಾಶ್ಮೀರದಿಂದ ಅದೇ ಕಲ್ಯಾಣಕ್ಕೆ ಬಂದ ಮೋಳಿಗೆಯ ಮಾರಯ್ಯ. ಅಲ್ಲಿ ಅರಸನಾಗಿದ್ದವನು, ಬಸವಣ್ಣನವರ ಹೆಸರು ಕೇಳಿ ರಾಜ್ಯ ಬಿಟ್ಟು ಹೆಂಡತಿ ಮಹಾದೇವಿಯೊಂದಿಗೆ ಬಂದ. ಅವನಿಗೆ ಛತ್ರವಿಲ್ಲ, ಆನೆಯಿಲ್ಲ. ಕಾಡಿನಲ್ಲಿ ಕಟ್ಟಿಗೆ ಕಡಿದು ಹೊರೆ ಕಟ್ಟಿ ಕಲ್ಯಾಣದ ಬೀದಿಗಳಲ್ಲಿ ಮಾರಿ ಜೀವನ ಮಾಡಿದ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಹೆಸರು ಅದರಿಂದಲೇ ಬಂತು. ಕಟ್ಟಿಗೆ ಮಾರುವವನಿಗೆ ಸಂಸ್ಕೃತ ಉಪಯೋಗಕ್ಕೆ ಬಾರದು. ಬೆಲೆ ಕೂಗಬೇಕು, ಚೌಕಾಶಿ ಕೇಳಿಸಿಕೊಳ್ಳಬೇಕು, ಬಾಗಿಲಲ್ಲಿ ನಿಂತ ಮನೆಯಾಕೆಗೆ ಉತ್ತರ ಕೊಡಬೇಕು. ನಿಃಕಳಂಕ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಅವನ ನೂರಾರು ಕನ್ನಡ ವಚನಗಳು ಉಳಿದಿವೆ. ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಹೆಂಡತಿಯ ವಚನಗಳೂ ಇವೆ. ಅವನು ನಿಜವಾಗಿ ಅರಸನಾಗಿದ್ದನೋ ಇಲ್ಲವೋ ಎಂದು ಚರ್ಚಿಸುವವರಿದ್ದಾರೆ. ವಚನಗಳು ಮಾತ್ರ ನಮ್ಮ ಕಣ್ಣ ಮುಂದಿವೆ.

ಬಸವಕಲ್ಯಾಣಕ್ಕೆ ಹೋಗುವ ನಮ್ಮ ಓದುಗರು ಕೋಟೆಯನ್ನೂ ಹತ್ತಿರದ ನಾರಾಯಣಪುರದ ಶಿವಾಲಯವನ್ನೂ ನೋಡಿಯೇ ನೋಡುತ್ತಾರೆ. ಬಿಲ್ಹಣ ಕಂಡ ಅರಮನೆಗಳು ಉಳಿದಿಲ್ಲ. ಆದರೆ ಮರಳುವಾಗ ಹುಮನಾಬಾದ್ ತಾಲೂಕಿನಲ್ಲಿ ಎರಡು ಕಡೆ ಇಳಿಯುವುದು ಒಳ್ಳೆಯದು. ಒಂದು ಮೊಳಕೇರಾ, ಮಾರಯ್ಯನದೆಂದು ಜನ ನಂಬುವ ಗವಿ ಅಲ್ಲಿದೆ. ಇನ್ನೊಂದು ಜಲಸಂಗಿ; ವಿಕ್ರಮಾದಿತ್ಯನ ಕಾಲದ ಶಿವ ದೇವಾಲಯ. ಅದರ ಹೊರಗೋಡೆಯಲ್ಲಿ ಸುಂದರವಾದ ಶಿಲ್ಪಗಳ ಸಾಲಿದೆ. ಅವುಗಳಲ್ಲಿ ಒಬ್ಬ ಹೆಣ್ಣು ಬಾಗಿ ನಿಂತು, ಕೈ ಎತ್ತಿ, ಮುಂದಿರುವ ಫಲಕದ ಮೇಲೆ ಏನೋ ಬರೆಯುತ್ತಿದ್ದಾಳೆ. ಹತ್ತಿರ ಹೋಗಿ ನೋಡಿದರೆ ಫಲಕದಲ್ಲಿ ನಿಜವಾಗಿಯೂ ಅಕ್ಷರಗಳಿವೆ. ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಬರಹ ಅದು. ಮಾತು ಸಂಸ್ಕೃತದ್ದು, ಅಕ್ಷರ ಕನ್ನಡದ್ದು. ನಾವು ಹೋದ ದಿನ ಅದರ ಮೇಲೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು, ಒಂದೆರಡು ಅಕ್ಷರಗಳನ್ನು ಓದಲು ನಮಗೂ ಸಾಧ್ಯವಾಯಿತು.